ವಿಶೇಷ ಕ್ರೀಡಾಪಟುಗಳ ತರಬೇತುದಾರರಿಗೆ ಗುರು ಎಲ್ಲಿ ಸಿಗುತ್ತಾರೆ?

ಪ್ರಶ್ನೆ: ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ವಿಶೇಷ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಕ. ಬಿ.ಪಿ.ಎಡ್. ಮುಗಿಸಿ ಎರಡು ವರ್ಷವಾಯಿತು. ಬೌದ್ಧಿಕ ಅಂಗವೈಕಲ್ಯವಿರುವ ಹದಿನಾಲ್ಕು ಮಂದಿಗೆ ಓಟ, ಗುಂಡು ಎಸೆತ ಮತ್ತು ಬೋಚಿ (ಚೆಂಡು ಉರುಳಿಸಿ ಗುರಿಯ ಹತ್ತಿರ ನಿಲ್ಲಿಸುವ ಆಟ) ಹೇಳಿಕೊಡುತ್ತಿದ್ದೇನೆ. ಎರಡು ದಿನಗಳ ಒಂದು ಶಿಬಿರವನ್ನು ಬಿಟ್ಟರೆ ಈ ಕೆಲಸವನ್ನು ನನಗೆ ಯಾರೂ ಕಲಿಸಿಲ್ಲ. ಹದಿನೇಳು ವರ್ಷದ ಹುಡುಗಿಯೊಬ್ಬಳು ಎಲ್ಲರಿಗಿಂತ ಚೆನ್ನಾಗಿ ಓಡುತ್ತಾಳೆ, ಆದರೆ ಮುಕ್ತಾಯದ ಗೆರೆಯ ಹತ್ತಿರ ಬಂದು ತಿರುಗಿ ನಿಂತು ಗೆಳತಿಗಾಗಿ ಕಾಯುತ್ತಾಳೆ. ಡೌನ್ ಸಿಂಡ್ರೋಮ್ ಇರುವ ಹುಡುಗನೊಬ್ಬನಿಗೆ ಲಾಗ ಹಾಕುವುದೆಂದರೆ ಪ್ರಾಣ. ಹಾಕಿಸಬಹುದೇ ಎಂದು ಕೇಳಿದರೆ ಒಬ್ಬರು ಹೌದೆನ್ನುತ್ತಾರೆ, ಇನ್ನೊಬ್ಬರು ಬೇಡವೆನ್ನುತ್ತಾರೆ. ಹಿರಿಯ ತರಬೇತುದಾರರೊಬ್ಬರನ್ನು ಮಾರ್ಗದರ್ಶನಕ್ಕಾಗಿ ಕೇಳಿದಾಗ, ತಾಳ್ಮೆಯಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದರು. ನನಗೆ ಬರುತ್ತಿಲ್ಲ. ವಿಶೇಷ ಶಿಕ್ಷಣದ ಕೋರ್ಸ್ ಮಾಡಬೇಕೇ, ಕ್ರೀಡಾ ತರಬೇತುದಾರರನ್ನು ರೂಪಿಸುವ ರಾಷ್ಟ್ರೀಯ ಕ್ರೀಡಾ ಸಂಸ್ಥೆಗೆ (ಎನ್‌ಐಎಸ್) ಹೋಗಬೇಕೇ? ನನ್ನಂಥವರಿಗೆ ಗುರು ಎಲ್ಲಿ ಸಿಗುತ್ತಾರೆ?

ಉತ್ತರ: ನಿಮ್ಮ ಪತ್ರದಲ್ಲಿ ತಡಮಾಡಬಾರದ ಸಂಗತಿಯೊಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಡೌನ್ ಸಿಂಡ್ರೋಮ್ ಇರುವ ಆ ಹುಡುಗನಿಂದ, ವೈದ್ಯರ ತಪಾಸಣೆ ಆಗುವವರೆಗೆ ಲಾಗ ಹಾಕಿಸಬೇಡಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಸ್ನಾಯುಗಳ ಬಿಗಿ ಕಡಿಮೆ, ಕೀಲುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳೂ ಸಡಿಲ. ಹೀಗಾಗಿ ಕೆಲವರಲ್ಲಿ ಕತ್ತಿನ ಮೊದಲ ಎರಡು ಮೂಳೆಗಳ ನಡುವಿನ ಕೀಲು ಇರಬೇಕಾದುದಕ್ಕಿಂತ ಹೆಚ್ಚು ಜರುಗುತ್ತದೆ, ಮತ್ತು ಕತ್ತಿನ ಮೇಲೆ ಭಾರ ಬಿದ್ದು ಅದು ಜೋರಾಗಿ ಬಾಗಿದರೆ ಬೆನ್ನುಹುರಿಗೇ ಪೆಟ್ಟಾಗುವ ಅಪಾಯವಿರುತ್ತದೆ. ಲಾಗ ಮಾತ್ರವಲ್ಲ, ಎತ್ತರ ಜಿಗಿತ, ತಲೆ ಮುಂದಾಗಿ ನೀರಿಗೆ ಧುಮುಕುವುದು, ಹೆಗಲ ಮೇಲೆ ಭಾರ ಹೊತ್ತು ಬಸ್ಕಿ ಹೊಡೆಯುವುದು ಇವೂ ಅದೇ ಸಾಲಿಗೆ ಸೇರುತ್ತವೆ. ಅವನ ನಡಿಗೆ ಇತ್ತೀಚೆಗೆ ಬದಲಾಗಿದ್ದರೆ, ಪದೇ ಪದೇ ಎಡವುತ್ತಿದ್ದರೆ, ಕತ್ತು ನೋಯುತ್ತಿದ್ದರೆ ಅಥವಾ ಒಂದು ಕಡೆಗೆ ವಾಲಿದ್ದರೆ, ಕೈಹಿಡಿತ ಸಡಿಲವಾಗಿದ್ದರೆ, ಮೊದಲಿಲ್ಲದ ಹಾಗೆ ಬಟ್ಟೆಯಲ್ಲೇ ಮೂತ್ರ ಹೋಗುತ್ತಿದ್ದರೆ, ಎಲ್ಲ ಅಭ್ಯಾಸವನ್ನೂ ನಿಲ್ಲಿಸಿ ಅಂದೇ ವೈದ್ಯರ ಬಳಿಗೆ ಕಳುಹಿಸಬೇಕು. ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟುವವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಹೃದಯದ ದೋಷವೂ ಇರುವುದರಿಂದ, ಅದೇ ಭೇಟಿಯಲ್ಲಿ ಹೃದಯದ ಬಗೆಗೂ ಕೇಳಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದು ಶಾಲೆಯ ಕಡತದಲ್ಲಿಡಿ.

ಈ ಪ್ರಶ್ನೆಗೆ ನಿಮಗೆ ಹೌದು, ಬೇಡ ಎಂಬ ಎರಡು ಉತ್ತರಗಳು ಬಂದದ್ದು ಆಶ್ಚರ್ಯವಲ್ಲ. ಉತ್ತರಿಸಿದ ಇಬ್ಬರಿಗೂ ನಿಮ್ಮ ಹುಡುಗನ ಕತ್ತಿನ ಸ್ಥಿತಿ ಗೊತ್ತಿರಲಿಲ್ಲ. ಅದು ಯಾವ ತರಬೇತುದಾರನೂ ಉತ್ತರಿಸಬಹುದಾದ ಪ್ರಶ್ನೆಯಾಗಿರಲಿಲ್ಲ. ನಿಮ್ಮ ದೊಡ್ಡ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿಂದಲೇ ಹೊರಡುತ್ತದೆ. ನೀವು ಎಲ್ಲ ಸಂದೇಹಗಳಿಗೂ ಒಬ್ಬ ಗುರುವನ್ನು ಹುಡುಕುತ್ತಿದ್ದೀರಿ. ಆದರೆ ಈ ಕೆಲಸಕ್ಕೆ ಬೇಕಾದ ತಿಳಿವಳಿಕೆ ಒಬ್ಬರಲ್ಲಿ ಇಡಿಯಾಗಿ ಇರುವುದನ್ನು ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕಂಡಿಲ್ಲ. ಅದು ತಾಯಿಯ ಬಳಿ ಒಂದಿಷ್ಟು, ಓಟದ ಕೋಚ್ ಬಳಿ ಒಂದಿಷ್ಟು, ವಿಶೇಷ ಶಿಕ್ಷಕಿ, ಫಿಸಿಯೋಥೆರಪಿಸ್ಟ್ ಮತ್ತು ಸ್ವತಃ ಕ್ರೀಡಾಪಟುವಿನ ಬಳಿ ಒಂದಿಷ್ಟು ಎಂಬಂತೆ ಹಂಚಿಹೋಗಿರುತ್ತದೆ. ಯಾವ ಸಂದೇಹವನ್ನು ಯಾರ ಬಳಿ ಒಯ್ಯಬೇಕೆಂದು ತಿಳಿಯುವುದೇ ತರಬೇತುದಾರನ ಕಲಿಕೆಯ ದೊಡ್ಡ ಪಾಲು.

ತಾಳ್ಮೆಯ ಮಾತಿಗೆ ಬರೋಣ, ಏಕೆಂದರೆ ಹೊಸಬರಿಗೆ ಎಲ್ಲರೂ ಹೇಳುವುದು ಅದನ್ನೇ. ತಾಳ್ಮೆ ಬೇಕು, ನಿಜ. ಆದರೆ ತಪ್ಪು ವಿಧಾನವೊಂದನ್ನು ಬಹಳ ತಾಳ್ಮೆಯಿಂದ ವರ್ಷಗಟ್ಟಲೆ ಮುಂದುವರಿಸುವುದೂ ಸಾಧ್ಯ. ನಾನೇ ಅದನ್ನು ಮಾಡಿದ್ದೇನೆ. ನನ್ನ ಮೊದಲ ವರ್ಷಗಳಲ್ಲಿ ನೂರು ಮೀಟರ್ ಓಡುವ ಒಬ್ಬ ಹುಡುಗನಿದ್ದ. ಗುಂಡಿನ ಸದ್ದಿಗೆ ಬೆದರದೆ ಹೊರಟು, ಲೇನ್ ಬಿಡದೆ ಓಡಿ, ಗೆರೆ ಇನ್ನು ಎರಡು ಹೆಜ್ಜೆ ಇದೆ ಎನ್ನುವಾಗ ಗಕ್ಕನೆ ನಿಂತುಬಿಡುತ್ತಿದ್ದ. ಆಯಾಸವೆಂದುಕೊಂಡು ಓಟದ ದೂರ ಕಡಿಮೆ ಮಾಡಿದೆ. ಅಡ್ಡ ಕಟ್ಟಿದ ಪಟ್ಟಿಗೆ ಹೆದರುತ್ತಾನೆಂದುಕೊಂಡು ಪಟ್ಟಿ ತೆಗೆಸಿದೆ. ಎಂಟು ತಿಂಗಳು ಹೀಗೇ ಹೋಯಿತು. ಒಂದು ಸಂಜೆ ಅವನನ್ನು ಕರೆದೊಯ್ಯಲು ಬಂದ ತಾಯಿ ಮೈದಾನದ ಅಂಚಿನಲ್ಲಿ ನಿಂತು ನೋಡಿ, "ನೀವು ಗೆರಿ ಮ್ಯಾಲೆ ನಿಂತು ಬಾ ಬಾ ಅಂತೀರಲ್ರೀ ಸರ, ಅವ ನಿಮ್ಮ ತನಕ ಬಂದು ನಿಂದರತಾನ. ಮನ್ಯಾಗೂ ಕರದ್ರ ಹಂಗ, ಎರಡು ಹೆಜ್ಜಿ ದೂರ ನಿಂದರತಾನ" ಎಂದರು. ಮರುದಿನ ನಾನು ಗೆರೆಯಿಂದ ಹತ್ತು ಮೀಟರ್ ಆಚೆಗೆ, ಸುಣ್ಣದಲ್ಲಿ ಒಂದು ಚೌಕ ಬರೆದು ಅದರ ಹಿಂದೆ ನಿಂತೆ. ಹುಡುಗ ಗೆರೆ ದಾಟಿ ಬಂದು ಚೌಕದೊಳಗೆ ನಿಂತ. ಅವನು ಮೊದಲಿನಿಂದಲೂ ನಾನು ಹೇಳಿದ್ದನ್ನೇ ಮಾಡುತ್ತಿದ್ದ. ಗೆರೆಯ ಅರ್ಥ ಅವನಿಗೆ ಯಾರೂ ಹೇಳಿರಲಿಲ್ಲ. ಕರೆದವರ ಬಳಿಗೆ ಓಡುವುದಷ್ಟೇ ಅವನಿಗೆ ತಿಳಿದಿದ್ದ ಓಟ. ನನಗೆ ಕೊರತೆಯಿದ್ದದ್ದು ತಾಳ್ಮೆಯದ್ದಲ್ಲ, ಕೇಳುವ ಬುದ್ಧಿಯದ್ದು.

ವಿಶೇಷ ಶಿಕ್ಷಣದ ಪದವಿಯಿಲ್ಲದೆ ಈ ಮಕ್ಕಳಿಗೆ ಕ್ರೀಡೆ ಕಲಿಸಲಾಗದು ಎಂಬುದು ಇನ್ನೊಂದು ನಂಬಿಕೆ. ತೆಲಂಗಾಣದ ದೀಪ್ತಿ ಜೀವಾಂಜಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಟಿ20 ವರ್ಗದ 400 ಮೀಟರ್ ಓಟವನ್ನು 55.82 ಸೆಕೆಂಡುಗಳಲ್ಲಿ ಮುಗಿಸಿ ಕಂಚು ಗೆದ್ದರು. ಟಿ20 ಎಂಬುದು ಬೌದ್ಧಿಕ ಅಂಗವೈಕಲ್ಯವಿರುವ ಓಟಗಾರರ ವರ್ಗ. ಅವರನ್ನು ಬೆಳೆಸಿದ ನಾಗಪುರಿ ರಮೇಶ್, ದ್ಯುತಿ ಚಂದ್ ಅವರಂಥ ಓಟಗಾರರನ್ನು ತರಬೇತುಗೊಳಿಸಿದ ಸಾಮಾನ್ಯ ಅಥ್ಲೆಟಿಕ್ಸ್‌ನ ಕೋಚ್. ಓಟದ ತಂತ್ರವನ್ನು ಆಳವಾಗಿ ಬಲ್ಲವರು ಕ್ರೀಡಾಪಟುವನ್ನು ಅರಿಯಲು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹಾಗೆಂದು ಪದವಿ ನಿರರ್ಥಕವೆಂದು ತಿಳಿಯಬಾರದು. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಪಡೆದ ವಿಶೇಷ ಶಿಕ್ಷಣದ ಡಿಪ್ಲೊಮಾ, ಒಂದು ಕೆಲಸವನ್ನು ಸಣ್ಣ ಹಂತಗಳಾಗಿ ಒಡೆದು ಕಲಿಸುವುದನ್ನು ಚೆನ್ನಾಗಿ ಹೇಳಿಕೊಡುತ್ತದೆ. ಗುಂಡನ್ನು ಕತ್ತಿಗೆ ಒತ್ತಿ ಹಿಡಿಯುವುದು, ಪಕ್ಕಕ್ಕೆ ತಿರುಗುವುದು, ಮಂಡಿ ಬಾಗಿಸುವುದು, ತಳ್ಳುವುದು ಎಂದು ಒಂದು ಎಸೆತವನ್ನು ನಾಲ್ಕಾಗಿ ಒಡೆಯಲು ಆ ಶಿಕ್ಷಣ ನೆರವಾಗುತ್ತದೆ. ಆದರೆ ಎಸೆತ ಏಕೆ ಕುಂಠಿತವಾಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಪಟಿಯಾಲದ ಎನ್‌ಐಎಸ್‌ನ ಆರು ವಾರಗಳ ಪ್ರಮಾಣಪತ್ರ ಕೋರ್ಸ್ ಅದನ್ನು ಹೇಳುತ್ತದೆ, ಕಲಿಸುವ ಕ್ರಮವನ್ನು ನಿಮಗೇ ಬಿಡುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ, ಶಾಲೆಯಲ್ಲಿ ಈಗಾಗಲೇ ವಿಶೇಷ ಶಿಕ್ಷಕರು ಜೊತೆಗಿರುವುದರಿಂದ, ನಾನು ನಿಮಗೆ ಎನ್‌ಐಎಸ್ ಕೋರ್ಸನ್ನೇ ಸೂಚಿಸುತ್ತೇನೆ. ಆರು ವಾರ ಮೈದಾನ ಖಾಲಿ ಉಳಿಯದಂತೆ ರಜೆಯ ಸಮಯ ನೋಡಿಕೊಳ್ಳಿ. ದಿನಚರಿ ತಪ್ಪಿದರೆ ಈ ಮಕ್ಕಳಲ್ಲಿ ಅನೇಕರು ತಿಂಗಳುಗಳ ಕಲಿಕೆಯನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಮಾರ್ಗದರ್ಶಕರು ಸಿಗುವುದೇಕೆ ಇಷ್ಟು ಕಷ್ಟ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಕಾರಣ ತಿಳಿದರೆ ಹುಡುಕುವುದು ಸುಲಭವಾಗುತ್ತದೆ. ನಮ್ಮ ಕ್ಷೇತ್ರದಲ್ಲಿ ತರಬೇತುದಾರರಾಗುವವರು ಹೆಚ್ಚಾಗಿ ವಿಶೇಷ ಶಾಲೆಯ ಶಿಕ್ಷಕರು, ಪೋಷಕರು ಅಥವಾ ಸ್ವಯಂಸೇವಕರು. ಒಂದೊಂದು ಶಾಲೆಗೆ ಒಬ್ಬರೇ ಇರುವುದರಿಂದ ಅವರು ಒಂಟಿಯಾಗಿಯೇ ಕಲಿಯುತ್ತಾರೆ, ಮತ್ತು ಅವರು ಕೆಲಸ ಬಿಟ್ಟಾಗ ಕಲಿತದ್ದೆಲ್ಲ ಅವರೊಂದಿಗೇ ಹೋಗಿಬಿಡುತ್ತದೆ, ಏಕೆಂದರೆ ಬರೆದಿಡುವ ರೂಢಿಯಿಲ್ಲ. ನಾನು ಸೇರಿದ ಶಾಲೆಯಲ್ಲಿ ನನಗಿಂತ ಮೊದಲು ಒಂಬತ್ತು ವರ್ಷ ಕೆಲಸ ಮಾಡಿದವರು ಬಿಟ್ಟುಹೋಗಿದ್ದು ಒಂದು ಸೀಟಿ ಮತ್ತು ಹಾಜರಿ ಪುಸ್ತಕ. ಆ ಒಂಬತ್ತು ವರ್ಷಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಕಾರಣ ಸ್ಪರ್ಧೆಯ ರಚನೆಯಲ್ಲೇ ಇದೆ. ಬೌದ್ಧಿಕ ಅಂಗವೈಕಲ್ಯವಿರುವವರ ಕ್ರೀಡಾಕೂಟವಾದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ವಯಸ್ಸು, ಲಿಂಗ ಮತ್ತು ಸಾಮರ್ಥ್ಯ ನೋಡಿ ಕ್ರೀಡಾಪಟುಗಳನ್ನು ಸಣ್ಣ ವಿಭಾಗಗಳಾಗಿ ವಿಂಗಡಿಸುತ್ತಾರೆ. ಒಂದು ವಿಭಾಗದಲ್ಲಿ ಅತಿ ವೇಗದವರಿಗೂ ಅತಿ ನಿಧಾನದವರಿಗೂ ಸುಮಾರು 15 ಪ್ರತಿಶತಕ್ಕಿಂತ ಹೆಚ್ಚಿನ ಅಂತರವಿರಬಾರದು ಎಂಬುದು ಮಾರ್ಗಸೂಚಿ. ನೂರು ಮೀಟರನ್ನು 15 ಸೆಕೆಂಡುಗಳಲ್ಲಿ ಓಡುವವರಿಗೂ 40 ಸೆಕೆಂಡುಗಳಲ್ಲಿ ಓಡುವವರಿಗೂ ಬೇರೆ ಬೇರೆ ವಿಭಾಗಗಳಲ್ಲಿ ಚಿನ್ನ ಸಿಗುತ್ತದೆ. ಇದು ನ್ಯಾಯವಾದ, ನಾನು ಮನಸಾರೆ ಒಪ್ಪುವ ವ್ಯವಸ್ಥೆ. ಆದರೆ ಪದಕಗಳ ಎಣಿಕೆಯಿಂದ ಒಳ್ಳೆಯ ತರಬೇತುದಾರ ಯಾರೆಂದು ಇಲ್ಲಿ ಗುರುತಿಸಲಾಗದು. 2023ರ ಬರ್ಲಿನ್ ಕ್ರೀಡಾಕೂಟದಲ್ಲಿ ಭಾರತಕ್ಕೆ 202 ಪದಕ ಬಂದಾಗ ಪತ್ರಿಕೆಗಳು ಆ ಸಂಖ್ಯೆಯನ್ನೇ ದೊಡ್ಡದಾಗಿ ಬರೆದವು. ಅದರ ಹಿಂದೆ ಯಾರು ಹೇಗೆ ಕಲಿಸಿದರು ಎಂಬುದು ಸಂಖ್ಯೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಹಿರಿಯರೊಬ್ಬರನ್ನು ಮಾರ್ಗದರ್ಶಕರೆಂದು ಆರಿಸುವ ಮುನ್ನ ಅವರ ಮೈದಾನಕ್ಕೆ ಹೋಗಿ ಎರಡು ಗಂಟೆ ಸುಮ್ಮನೆ ನಿಂತು ನೋಡಿ. ಮಕ್ಕಳು ಹೇಳಿಸಿಕೊಳ್ಳದೆ ತಾವೇ ಮೈ ಬಿಸಿಮಾಡಿಕೊಳ್ಳಲು ಶುರುಮಾಡುತ್ತಾರೆಯೇ? ಹೋದ ವರ್ಷದ ಸಮಯ, ದೂರ ಎಲ್ಲಿಯಾದರೂ ಬರೆದಿದೆಯೇ? ಐದು ವರ್ಷದ ಹಿಂದೆ ಸೇರಿದವರು ಇನ್ನೂ ಬರುತ್ತಿದ್ದಾರೆಯೇ? ಇಪ್ಪತ್ತೈದು ವರ್ಷದ ಯುವಕನನ್ನು ಪುಟ್ಟ ಮಗುವಿನಂತೆ ಮುದ್ದಿಸುತ್ತಾರೆಯೇ, ಅಥವಾ ಅವನ ವಯಸ್ಸಿಗೆ ತಕ್ಕಂತೆ ಮಾತನಾಡಿಸುತ್ತಾರೆಯೇ? ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸುತ್ತೇನೆ.

ಹಾಗಾದರೆ ಯಾರ ಬಳಿಗೆ ಹೋಗಬೇಕು?

ಮೊದಲ ದಾರಿ ಇದೇ ಕೆಲಸದಲ್ಲಿ ನುರಿತ ಹಿರಿಯ ತರಬೇತುದಾರರು. ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಸಂಸ್ಥೆಯ ಕರ್ನಾಟಕ ಘಟಕವನ್ನು ಸಂಪರ್ಕಿಸಿ, ನಿಮ್ಮ ಅಕ್ಕಪಕ್ಕದ ಜಿಲ್ಲೆಗಳಲ್ಲಿ ಅದೇ ಕ್ರೀಡೆ ಕಲಿಸುತ್ತಿರುವವರು ಯಾರೆಂದು ಕೇಳಿ. ಧಾರವಾಡ, ದಾವಣಗೆರೆ ನಿಮಗೆ ಬಸ್ಸಿನ ದೂರದಲ್ಲಿವೆ. ಅವರಿಂದ ಸಿಗುವುದು ಬೇರೆಲ್ಲೂ ಸಿಗದ ಕೈಯನುಭವ: ಯಾವ ಮಾತು ಮಕ್ಕಳಿಗೆ ತಲುಪುತ್ತದೆ, ರಾಜ್ಯಮಟ್ಟದ ಕೂಟದ ಗದ್ದಲದಲ್ಲಿ ಬೆದರುವವರನ್ನು ಹೇಗೆ ಸಂಭಾಳಿಸಬೇಕು, ರಾತ್ರಿ ವಸತಿಯಲ್ಲಿ ಫಿಟ್ಸ್ ಮಾತ್ರೆ ತಪ್ಪದಂತೆ ಹೇಗೆ ನೋಡಿಕೊಳ್ಳಬೇಕು ಎಂಬಂಥವು. ಅಪಾಯವೆಂದರೆ ಹಳೆಯ ರೂಢಿಗಳೂ ಅದರೊಂದಿಗೇ ಬರುತ್ತವೆ. ಕತ್ತಿನ ಎಕ್ಸ್-ರೇ ಒಮ್ಮೆ ಸರಿಯಿದ್ದರೆ ಸಾಕು ಎಂದು ಇಂದಿಗೂ ಹೇಳುವ ಹಿರಿಯರಿದ್ದಾರೆ. ಎಕ್ಸ್-ರೇ ಒಂದನ್ನೇ ನಂಬುವುದಕ್ಕಿಂತ ಲಕ್ಷಣಗಳನ್ನು ಕಾಲಕಾಲಕ್ಕೆ ವೈದ್ಯರಿಂದ ಪರೀಕ್ಷಿಸುವುದು ಮುಖ್ಯವೆಂಬುದು ಈಗಿನ ತಿಳಿವಳಿಕೆ. ಇನ್ನೂ ಗಂಭೀರವಾದ ಸಂಗತಿಯೆಂದರೆ, ಪ್ರಾಥಮಿಕ ಸುತ್ತಿನಲ್ಲಿ ನಿಧಾನವಾಗಿ ಓಡಿಸಿ ಕೆಳಗಿನ ವಿಭಾಗಕ್ಕೆ ಸೇರಿಸಿ, ಅಂತಿಮ ಸುತ್ತಿನಲ್ಲಿ ಗೆಲ್ಲಿಸುವ ಉಪಾಯವನ್ನು ನಿಮ್ಮ ಕಿವಿಯಲ್ಲಿ ಹೇಳುವವರು ಸಿಗಬಹುದು. ಅದು ನಿಯಮಕ್ಕೆ ವಿರುದ್ಧ. ಅಂತಿಮ ಸುತ್ತಿನ ಸಾಧನೆ ಮಿತಿಮೀರಿ ಸುಧಾರಿಸಿದರೆ ಅನರ್ಹಗೊಳಿಸಲು ಅವಕಾಶವಿದೆ. ಅದಕ್ಕಿಂತ ಮುಖ್ಯವಾಗಿ, ಪೂರ್ತಿ ಓಡು ಎಂದು ವರ್ಷವಿಡೀ ಕಲಿಸಿದ ಮಗುವಿಗೆ ಅಂದು ಮಾತ್ರ ಓಡಬೇಡ ಎಂದು ಹೇಳಿದಂತಾಗುತ್ತದೆ. ಹೀಗೆ ಹೇಳುವವರು ಎಷ್ಟೇ ಅನುಭವಿಗಳಾಗಿದ್ದರೂ ಅವರನ್ನು ಗುರುವೆಂದು ಒಪ್ಪಬೇಡಿ.

ಎರಡನೆಯದು ಹಾವೇರಿಯ ಜಿಲ್ಲಾ ಕ್ರೀಡಾಂಗಣದ ಕಡೆಗಿನ ದಾರಿ. ಅಲ್ಲಿ ಓಟ, ಎಸೆತ ಕಲಿಸುವ ಕೋಚ್ ಒಬ್ಬರನ್ನು ಪರಿಚಯ ಮಾಡಿಕೊಳ್ಳಿ. ನಿಮ್ಮ ಹುಡುಗಿ ನಿಜಕ್ಕೂ ವೇಗದ ಓಟಗಾರ್ತಿಯಾಗಿದ್ದರೆ ಇದು ಅನಿವಾರ್ಯವೂ ಹೌದು, ಏಕೆಂದರೆ ಪ್ಯಾರಾ ಅಥ್ಲೆಟಿಕ್ಸ್‌ನ ದಾರಿಯಲ್ಲಿ ವಿಭಾಗಗಳ ಆಸರೆಯಿಲ್ಲ; ಐಕ್ಯೂ 75 ಅಥವಾ ಅದಕ್ಕಿಂತ ಕಡಿಮೆ, ಅಂಗವೈಕಲ್ಯ ಬೆಳೆಯುವ ವಯಸ್ಸಿನಲ್ಲೇ ಕಾಣಿಸಿಕೊಂಡಿರಬೇಕು ಎಂಬಂಥ ಅರ್ಹತೆಯ ದಾಖಲೆಗಳನ್ನು ಒದಗಿಸಿದ ಮೇಲೆ ಅಲ್ಲಿ ಗಡಿಯಾರವೇ ತೀರ್ಪುಗಾರ. ಇಲ್ಲಿನ ಅಪಾಯ, ಒಳ್ಳೆಯ ಕೋಚ್ ಹೇಳುವ ಸರಿಯಾದ ಮಾತೂ ನಿಮ್ಮ ಕ್ರೀಡಾಪಟುವಿಗೆ ತಪ್ಪಾಗಬಹುದು ಎಂಬುದು. 220ರಿಂದ ವಯಸ್ಸನ್ನು ಕಳೆದು, ಗರಿಷ್ಠ ಹೃದಯ ಬಡಿತ ಲೆಕ್ಕಹಾಕಿ ಅಭ್ಯಾಸದ ತೀವ್ರತೆ ನಿಗದಿಮಾಡುವುದು ಸಾಮಾನ್ಯ ಪದ್ಧತಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಪೂರ್ತಿ ಶ್ರಮಪಟ್ಟಾಗಲೂ ಹೃದಯದ ಬಡಿತ ಅಷ್ಟು ಏರುವುದಿಲ್ಲ. ಆ ಲೆಕ್ಕವನ್ನು ನಂಬಿದರೆ ಹುಡುಗ ಸೋಮಾರಿತನ ಮಾಡುತ್ತಿದ್ದಾನೆಂದು ತಿಳಿದು ಅವನನ್ನು ಮಿತಿಮೀರಿ ದಣಿಸುತ್ತೀರಿ. ಕೋಚ್ ಹೇಳಿದ್ದನ್ನು ವಿನಯದಿಂದ ಕೇಳಿಸಿಕೊಳ್ಳಿ, ಆದರೆ ಅದು ನಿಮ್ಮ ಹುಡುಗನಿಗೆ ಹೊಂದುತ್ತದೆಯೇ ಎಂದು ಫಿಸಿಯೋಥೆರಪಿಸ್ಟ್ ಅಥವಾ ವೈದ್ಯರಲ್ಲಿ ವಿಚಾರಿಸದೆ ಮೈದಾನಕ್ಕೆ ಇಳಿಸಬೇಡಿ.

ಮೂರನೆಯವರು ಮನೆಯವರು. ನನ್ನ ಅನುಭವದಲ್ಲಿ ಅತ್ಯಂತ ಹೆಚ್ಚು ಕಲಿಸಿದವರೂ, ನಾವು ಅತ್ಯಂತ ಕಡಿಮೆ ಕೇಳುವವರೂ ಇವರೇ. "ನಿಮ್ಮ ಮಗ ಹೇಗಿದ್ದಾನೆ" ಎಂದು ಕೇಳಿದರೆ "ಚೆನ್ನಾಗಿದ್ದಾನೆ ಸರ್" ಎಂದಷ್ಟೇ ಉತ್ತರ ಬರುತ್ತದೆ. ಮನೆಯಲ್ಲಿ ಹೊಸ ಕೆಲಸ ಹೇಗೆ ಕಲಿಸಿದಿರಿ, ಬೇಡವೆನಿಸಿದಾಗ ಏನು ಮಾಡುತ್ತಾನೆ, ಯಾವ ಸದ್ದಿಗೆ ಕಿವಿ ಮುಚ್ಚುತ್ತಾನೆ, ಕಳೆದ ಬಾರಿ ಫಿಟ್ಸ್ ಬಂದದ್ದು ಯಾವಾಗ ಎಂದು ಬಿಡಿಬಿಡಿಯಾಗಿ ಕೇಳಿ. ಅಕ್ಕ, ತಮ್ಮಂದಿರನ್ನೂ ಕೇಳಿ. ತಾಯಿ ಮಾಡಿಕೊಡುವ ಕೆಲಸವನ್ನು ಅವರು ಮಾಡಿಸಿ ನೋಡಿರುತ್ತಾರೆ. ಬಿದ್ದುಬಿಟ್ಟಾನು ಎಂಬ ಭಯ ಅನೇಕ ತಾಯ್ತಂದೆಯರಲ್ಲಿ ಇರುವುದು ಸಹಜ, ಅವರ ಅಭಿಪ್ರಾಯವೇ ಕೊನೆಯ ಮಾತಾದರೆ ಕ್ರೀಡಾಪಟು ಬೆಳೆಯುವುದಿಲ್ಲ. ಆ ಭಯವನ್ನು ಗೌರವಿಸುತ್ತಲೇ ಅವರನ್ನು ಮೈದಾನಕ್ಕೆ ಕರೆದು ತೋರಿಸಬೇಕು.

ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ (ಅಂಗವೈಕಲ್ಯವಿರುವ ಮಕ್ಕಳ ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರಿದ್ದರೆ ಅವರ ಪರಿಚಯವೂ ಇರಲಿ. ಊರೂರು ತಿರುಗಿ ಇಂಥ ಮಕ್ಕಳ ಮನೆಗಳನ್ನು ಕಂಡವರು ಅವರು. ಸ್ಪೆಷಲ್ ಒಲಿಂಪಿಕ್ಸ್‌ನ ಒಂದೊಂದು ಕ್ರೀಡೆಯ ತರಬೇತಿ ಕೈಪಿಡಿಗಳು ಜಾಲತಾಣದಲ್ಲಿ ಉಚಿತವಾಗಿವೆ. ಭಾಷೆ ಇಂಗ್ಲಿಷ್, ಆದರೆ ಚಿತ್ರಗಳು ಹೇರಳವಾಗಿವೆ.

ಹೋಗುವುದು ಯಾರ ಬಳಿಗಾದರೂ, ಹೇಗೆ ಹೋಗುತ್ತೀರಿ ಎಂಬುದು ಮುಖ್ಯ. "ನನಗೆ ಮಾರ್ಗದರ್ಶನ ಮಾಡಿ" ಎಂದು ಕೇಳಿದರೆ ಸಿಗುವುದು ತಾಳ್ಮೆಯ ಉಪದೇಶ. ನಿಮಗೆ ಆದದ್ದೂ ಅದೇ. ಆ ಹಿರಿಯರನ್ನು ನಾನು ದೂರುವುದಿಲ್ಲ, ಅಷ್ಟು ಅಗಲದ ಪ್ರಶ್ನೆಗೆ ಅವರಾದರೂ ಏನು ಹೇಳಿಯಾರು? ಅದರ ಬದಲು, "ನನ್ನ ಹುಡುಗ ಗುಂಡನ್ನು ತಳ್ಳದೆ ಚೆಂಡಿನಂತೆ ಎಸೆಯುತ್ತಾನೆ, ಮೂರು ವಾರ ಹೀಗೆ ಹೀಗೆ ಪ್ರಯತ್ನಿಸಿದೆ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ" ಎಂದು ಕೇಳಿ. ಇದೇ ಪ್ರಶ್ನೆಯನ್ನು ನಾನೊಮ್ಮೆ ಕೇಳಿದಾಗ ಹಿರಿಯರೊಬ್ಬರು ಹುಡುಗನ ಕೈಗೆ ಮೊದಲು ತಮ್ಮ ಮೊಬೈಲ್ ಕೊಟ್ಟು, "ಅಮ್ಮನಿಗೆ ಫೋನ್ ಮಾಡು" ಎಂದರು. ಅವನು ಮೊಬೈಲನ್ನು ಕಿವಿಗೆ ಒತ್ತಿಕೊಂಡ ಕೂಡಲೇ ಅದನ್ನು ಮೆಲ್ಲನೆ ತೆಗೆದು, ಅಲ್ಲೇ ತುಸು ಕೆಳಗೆ ಗುಂಡನ್ನು ಇಟ್ಟು, "ಈಗ ಗೋಡೆಯನ್ನು ತಳ್ಳು" ಎಂದರು. ಮೊಣಕೈ ತಾನಾಗಿ ಮೇಲೆದ್ದಿತ್ತು. ಕೇಳಿ ಬಂದ ಮೇಲೆ ಹದಿನೈದು ದಿನ ಬಿಟ್ಟು, ಹೇಳಿದ್ದು ಫಲಿಸಿತೋ ಇಲ್ಲವೋ ಎಂದು ತಪ್ಪದೆ ತಿಳಿಸಿ. ಫಲಿಸಲಿಲ್ಲವೆಂದು ತಿಳಿಸಿದರೂ ಅವರು ಸಂತೋಷಪಡುತ್ತಾರೆ. ಮಾರ್ಗದರ್ಶನದ ಸಂಬಂಧಗಳು ಹೆಚ್ಚಾಗಿ ಹುಟ್ಟುವುದು ಈ ಎರಡನೆಯ ಕರೆಯಲ್ಲಿ.

ವಿಡಿಯೋ ಕಳುಹಿಸಿ ಕೇಳುವುದು ಸುಲಭವಾದ್ದರಿಂದ ಒಂದು ಎಚ್ಚರಿಕೆ ಅಗತ್ಯ. ಮಕ್ಕಳ ವಿಡಿಯೋಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಪೋಷಕರ ಒಪ್ಪಿಗೆ ಪಡೆದು, ಕ್ರೀಡಾಪಟುವಿಗೂ ಹೇಳಿ, ಒಬ್ಬರಿಗೆ ಮಾತ್ರ ಕಳುಹಿಸಿ, ಕೆಲಸವಾದ ಮೇಲೆ ಅಳಿಸಲು ಕೇಳಿ. ಹಾಗೆಯೇ, ನೆರವಿಗೆ ಬಂದ ಮಾರ್ಗದರ್ಶಕರು ಎಷ್ಟೇ ದೊಡ್ಡವರಾಗಿರಲಿ, ಯಾವ ಕ್ರೀಡಾಪಟುವಿನೊಂದಿಗೂ ಅವರನ್ನು ಒಂಟಿಯಾಗಿ ಬಿಡಬೇಡಿ. ತಮಗಾದ ತೊಂದರೆಯನ್ನು ಮಾತಿನಲ್ಲಿ ಹೇಳಲಾಗದವರು ನಮ್ಮ ಮೈದಾನದಲ್ಲಿದ್ದಾರೆ. ಈ ನಿಯಮಕ್ಕೆ ಬೇಸರಪಡುವವರು ನಿಮಗೆ ಬೇಕಿಲ್ಲ.

ಇಂದಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಪ್ರತಿ ಸಂಜೆ ಒಬ್ಬರ ಬಗ್ಗೆ ಮೂರು ಸಾಲು: ಏನು ಹೇಳಿದೆ, ಅವನು ಏನು ಮಾಡಿದ, ನಾಳೆ ಏನು ಬದಲಿಸುತ್ತೇನೆ. ಹದಿನಾಲ್ಕು ಮಂದಿಯಿದ್ದಾರೆ, ಆದ್ದರಿಂದ ಎರಡು ವಾರಕ್ಕೊಮ್ಮೆ ಒಬ್ಬೊಬ್ಬರ ಸರದಿ ಬರುತ್ತದೆ. ಹಿರಿಯರ ಬಳಿಗೆ ಹೋಗುವಾಗ ಈ ನೋಟ್‌ಬುಕ್ಕೇ ನಿಮ್ಮ ಪ್ರಶ್ನೆಗಳ ಮೂಲ, ಮತ್ತು ನಿಮ್ಮ ನಂತರ ಆ ಶಾಲೆಗೆ ಬರುವವರಿಗೆ ಸೀಟಿಗಿಂತ ಹೆಚ್ಚಿನದೇನಾದರೂ ಸಿಗುತ್ತದೆ.

ಇನ್ನು, ಗೆಳತಿಗಾಗಿ ಕಾಯುವ ಆ ಹುಡುಗಿ. ಅವಳಿಗೆ ಸ್ಪರ್ಧೆ ಅರ್ಥವಾಗಿಲ್ಲವೆಂದು ಈಗಲೇ ತೀರ್ಮಾನಿಸಬೇಡಿ. ತರಗತಿಯಲ್ಲಿ ಊಟಕ್ಕೆ, ಬಸ್ಸಿಗೆ ಹೋಗುವಾಗ ಗೆಳತಿಯ ಕೈ ಹಿಡಿದು ಕರೆತರುವ ಜವಾಬ್ದಾರಿಯನ್ನು ಯಾರಾದರೂ ಅವಳಿಗೆ ಕೊಟ್ಟು, ಕಾಯ್ದಾಗಲೆಲ್ಲ ಜಾಣೆ ಎಂದು ಹೊಗಳಿದ್ದಾರೆಯೇ ಎಂದು ತರಗತಿಯ ಶಿಕ್ಷಕಿಯನ್ನು ವಿಚಾರಿಸಿ. ಹಾಗಿದ್ದರೆ ಆ ಒಳ್ಳೆಯ ಗುಣವನ್ನು ಗದರಿ ಬಿಡಿಸಬೇಡಿ. ಒಂದು ವಾರ ಗೆಳತಿಯನ್ನು ಮೊದಲೇ ಗೆರೆಯಾಚೆ ನಿಲ್ಲಿಸಿ, ಇವಳು ಅವಳ ಬಳಿಗೆ ಓಡಲಿ, ಆಮೇಲೆ ಇಬ್ಬರೂ ಜಾಗ ಬದಲಾಯಿಸಲಿ. ಆದರೆ ಅದಕ್ಕೂ ಮೊದಲು, ಅಭ್ಯಾಸ ಮುಗಿದ ಮೇಲೆ ಅವಳ ಪಕ್ಕದಲ್ಲಿ ಕುಳಿತು, ಏಕೆ ನಿಂತೆ ಎಂದು ಅವಳನ್ನೇ ಕೇಳಿ. ಉತ್ತರಕ್ಕೆ ಅವಳು ಎರಡು ನಿಮಿಷ ತೆಗೆದುಕೊಳ್ಳಬಹುದು, ಮಾತಿನ ಬದಲು ಬೆರಳು ತೋರಿಸಬಹುದು. ಅಷ್ಟು ಹೊತ್ತು ನೀವು ಬಾಯಿ ಹಾಕದೆ ಕಾಯಿರಿ, ಮತ್ತು ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ.